ಒಬ್ಬರು ಗೆರೆ ದಾಟಿದರೆ

ಎಲ್ಲರೂ ಮಲಗಿದ ಮೇಲೆ ಬಚ್ಚಲಿನಲ್ಲಿ ನಲ್ಲಿಯ ಸದ್ದು ಕೇಳಿಸಿತು. ಯಾರಿಗೂ ಕೇಳಿಸಬಾರದೆಂದು ದಾರದಷ್ಟು ತೆಳ್ಳಗೆ ಬಿಟ್ಟ ನೀರು. ಔಷಧಿ ಅಂಗಡಿ ನಡೆಸುವ ತಾಯಿಯದು ಮೊದಲೇ ಕೋಳಿನಿದ್ದೆ. ಎದ್ದು ಹೋಗಿ ನೋಡಿದಳು. ಹನ್ನೊಂದು ವರ್ಷದ ಮಗಳು ಬಕೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು ತನ್ನ ಫುಟ್‌ಬಾಲ್ ಚಡ್ಡಿಯನ್ನು ಉಜ್ಜುತ್ತಿದ್ದಳು.

ಬಿಡಿಸಿ ಬಿಡಿಸಿ ಕೇಳಿದ ಮೇಲೆ ಮಗಳು ಬಾಯಿಬಿಟ್ಟಳು. ಅಭ್ಯಾಸದ ನಡುವೆ ಯಾರಾದರೂ ಮೈದಾನದ ಬಿಳಿ ಗೆರೆ ದಾಟಿ ಹೊರಗೆ ಹೋದರೆ, ನೀರಿಗಾಗಲಿ ಶೌಚಕ್ಕಾಗಲಿ, ಉಳಿದವರೆಲ್ಲ ಒಂದು ಸುತ್ತು ಓಡಬೇಕು. ಅದು ಕೋಚ್ ಮಾಡಿದ ನಿಯಮ. ಅವರು ಯಾರನ್ನೂ ತಡೆಯುತ್ತಿರಲಿಲ್ಲ. ತಡೆಯುವ ಕೆಲಸವನ್ನು ಮಕ್ಕಳೇ ಕಣ್ಣಲ್ಲಿ ಮಾಡುತ್ತಿದ್ದರು. ಇವಳು ತಡೆದುಕೊಂಡಷ್ಟು ತಡೆದುಕೊಂಡು, ಕೊನೆಗೆ ಆಗದೆ ಚಡ್ಡಿ ಒದ್ದೆಯಾದಾಗ, ಅದು ಕಾಣಬಾರದೆಂದು ಬೇಕೆಂದೇ ಕೆಸರಿನಲ್ಲಿ ಜಾರಿ ಬಿದ್ದಿದ್ದಳು.

"ಯಾರಿಗೂ ಹೇಳ್ಬೇಡಮ್ಮ. ಅಪ್ಪಂಗೂ ಬೇಡ. ಗೊತ್ತಾದ್ರೆ ನಾನು ಇನ್ನು ಆಡಕ್ಕೇ ಹೋಗಲ್ಲ."

ತಾಯಿ ತಲೆಯಾಡಿಸಿದಳು. ಅದೇನೋ ಸುಲಭ. ಆದರೆ ಬಾಯಿಗೆ ಬೀಗ ಹಾಕಿ ಕೂತರೆ ಮುಂದಿನ ಅಭ್ಯಾಸದಲ್ಲೂ ಇದೇ ಪಾಡು.

ಮರುದಿನ ಸಂಜೆ ಅವಳು ಮೈದಾನದ ಶೆಡ್ಡಿಗೆ ಹೋದಳು. ಕೋಚ್ ಚೆಂಡುಗಳಿಗೆ ಗಾಳಿ ತುಂಬುತ್ತಿದ್ದರು. ಕೆಟ್ಟ ಮನುಷ್ಯರಲ್ಲ, ಮಕ್ಕಳು ಬರುವ ಮೊದಲು ಹುಲ್ಲಿನಲ್ಲಿ ಗಾಜಿನ ಚೂರು ಹೆಕ್ಕುತ್ತಿದ್ದವರು. ಹೇಳುವುದು ಕಷ್ಟವಾದದ್ದೂ ಅದಕ್ಕೇ. ಆ ನಿಯಮ ತೆಗೆಯಿರಿ ಎಂದದ್ದಕ್ಕೆ ನಕ್ಕುಬಿಟ್ಟರು.

"ನಾವೂ ಹಂಗೇ ಬೆಳೆದಿದ್ದು ಮೇಡಂ. ಏನ್ ಕರಗಿಹೋದ್ವಾ?"

ಆಮೇಲೆ ಪಂಪು ನಿಂತಿತು. ಯಾರ ಮಗು, ಹೆಸರು ಹೇಳಿ, ಅದೊಂದಕ್ಕೆ ರಿಯಾಯ್ತಿ ಕೊಡುತ್ತೇನೆ ಎಂದರು.

"ಒಬ್ಬರಿಗೆ ರಿಯಾಯ್ತಿ ಕೊಟ್ರೆ ಹೆಸರನ್ನ ಹಣೆ ಮೇಲೆ ಬರೆದ ಹಾಗೆ, ಸರ್. ಹೆಸರೂ ಬೇಡ, ನಿಯಮಾನೂ ಬೇಡ. ಆಗಲ್ಲ ಅಂದ್ರೆ ಕ್ಲಬ್ಬಿನ ಅಧ್ಯಕ್ಷರ ಹತ್ರ ಹೋಗ್ತೀನಿ. ಅವರಿಗೂ ಹೆಸರು ಹೇಳಲ್ಲ."

ಮಾತು ಗಟ್ಟಿಯಾಗಿಯೇ ಬಂತು. ಕೋಚ್ ಚೆಂಡನ್ನು ಹೆಬ್ಬೆರಳಲ್ಲಿ ಒತ್ತಿ ನೋಡುತ್ತಾ, ನೋಡೋಣ ಎಂದರು.

ಮುಂದಿನ ಅಭ್ಯಾಸದ ದಿನ ಅವರು ಮುಖ ಗಂಟಿಕ್ಕಿಕೊಂಡೇ ಸಾರಿದರು: ಬೇಕಾದವರು ಬೇಕಾದಾಗ ಹೋಗಿ ಬನ್ನಿ, ಕೇಳಬೇಕಾಗಿಲ್ಲ, ಯಾರೂ ಓಡಬೇಕಾಗಿಲ್ಲ. ಕೂಡಲೇ ಇಡೀ ತಂಡಕ್ಕೆ ಬಾಯಾರಿಕೆ ಹತ್ತಿತು. ಕೋಚ್ ಒಬ್ಬ ಗೋಲ್‌ಕೀಪರ್‌ನ ಜೊತೆ ಮೈದಾನದಲ್ಲಿ ಉಳಿದರು.

ಬೇಲಿಯ ಆಚೆ ನಿಂತಿದ್ದ ಹೆತ್ತವರು ನಕ್ಕರು. ತಂಡದ ಅಂಗಿಗಳನ್ನು ಹೊಲಿದುಕೊಡುವ ದರ್ಜಿ ಮಾತ್ರ ನಗದೆ ತಾಯಿಯ ಪಕ್ಕಕ್ಕೆ ಸರಿದ. ಅವನ ಮಗನೇ ಕ್ಯಾಪ್ಟನ್. ಗೊತ್ತಾದರೆ ಮೊದಲು ನಗುವವನು ಅವನೇ ಎಂದು ಮಗಳು ಹೆದರಿದ್ದು ಆ ಹುಡುಗನಿಗೇ. ನೀವು ಶೆಡ್ಡಿಗೆ ಹೋಗಿದ್ದನ್ನು ನೋಡಿದೆ ಎಂದ ದರ್ಜಿ, ಮೈದಾನದ ಕಡೆಗೇ ಕಣ್ಣಿಟ್ಟು ದನಿ ತಗ್ಗಿಸಿದ.

"ಅಕ್ಕ, ನಮ್ಮ ಹುಡುಗನ ವಿಷಯ ನಿಮಗೆ ಯಾರು ಹೇಳಿದ್ರು? ಚಡ್ಡಿ ಕಳೆದುಹೋಯ್ತು ಅಂತ ಹೊಸದು ಹೊಲಿಸ್ಕೊಂಡ. ಹಳೇದು ಮಂಚದ ಕೆಳಗೆ ಸಿಕ್ತು."

ಅವಳಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು.

"ನನಗೆ ಯಾರೂ ಏನೂ ಹೇಳಿಲ್ಲಪ್ಪ. ನಿಯಮ ಸರಿ ಇರಲಿಲ್ಲ, ಅಷ್ಟೆ."

ದರ್ಜಿ ನಿರಾಳವಾಗಿ ಉಸಿರು ಬಿಟ್ಟ.

ಮನೆಯ ದಾರಿಯಲ್ಲಿ ಮಗಳು ಬೂಟುಗಳನ್ನು ಲೇಸು ಹಿಡಿದು ತೂಗಾಡಿಸುತ್ತಾ ನಡೆದಳು. ತಿರುವಿನ ಹತ್ತಿರ ತಲೆಯೆತ್ತದೆ ಕೇಳಿದಳು: "ಅಮ್ಮ, ಹಂಗಾಗಿದ್ದು ನನ್ನೊಬ್ಬಳಿಗೇನಾ?"

ಉತ್ತರ ನಾಲಿಗೆಯ ತುದಿಯಲ್ಲಿತ್ತು. ಒಂದೇ ಮಾತು ಹೇಳಿದ್ದರೆ ಮಗಳ ಎದೆಯ ಮೇಲಿನ ಕಲ್ಲು ಉರುಳುತ್ತಿತ್ತು. ಆದರೆ ಆ ಮಾತು ಅವಳದಲ್ಲ, ಆ ಹುಡುಗನದು.

"ಅಂಥ ನಿಯಮ ಇದ್ರೆ ಯಾರಿಗಾದ್ರೂ ಆಗುತ್ತೆ ಪುಟ್ಟಿ."

"ಯಾರಿಗೆ ಆಗಿದೆ?"

ತಾಯಿ ಮಗಳ ಕೈಯಿಂದ ಬೂಟುಗಳನ್ನು ತೆಗೆದುಕೊಂಡಳು. ಇವಳದನ್ನು ದರ್ಜಿಗೂ ಹೇಳುವುದಿಲ್ಲ, ಅವನ ಮಗನದನ್ನು ಇವಳಿಗೂ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ ಎಂದು ಮನಸ್ಸಿನಲ್ಲೇ ನಿರ್ಧರಿಸಿ ನಡಿಗೆಯನ್ನು ಸ್ವಲ್ಪ ನಿಧಾನ ಮಾಡಿದಳು.