ಬಾಯಿ ತೆರೆಯುವವರೆಗೆ

"ಸಾಕು ಸಿಸ್ಟರ್, ನನ್ನ ಮಗಳ ಕೈಲಿ ಇದು ಆಗಲ್ಲ. ಬಾಟಲಿ ಹಾಲು ಕೊಡಿ ಅಂತ ನೀವೊಂದು ಮಾತು ಹೇಳಿಬಿಡಿ."

ನರ್ಸಮ್ಮ ಮನೆಗೆ ಹೊರಡಲೆಂದು ಆಗಷ್ಟೇ ಚೀಲವನ್ನು ಹೆಗಲಿಗೇರಿಸಿದ್ದಳು. ಬೆಳಗ್ಗಿನಿಂದ ನಿಂತೂ ನಿಂತೂ ಕಾಲು ಊದಿಕೊಂಡು ಚಪ್ಪಲಿ ಬಿಗಿಯಾಗಿತ್ತು. ನಾಳೆ ನೋಡೋಣ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಬಾಗಿಲಲ್ಲಿ ನಿಂತ ತಾಯಿಯ ಮುಖ ನೋಡಿ ಅದನ್ನು ನುಂಗಿಕೊಂಡು, ಬಾಣಂತಿಯರ ವಾರ್ಡಿನ ಕಡೆ ಕಾಲೆಳೆದಳು.

ಆ ಮಗಳನ್ನು ಮರೆಯುವ ಹಾಗೇ ಇರಲಿಲ್ಲ. ಬಸುರಿಯರಿಗೆ ಮಗುವಿಗೆ ಹಾಲೂಡಿಸುವುದನ್ನು ಮೊದಲೇ ಹೇಳಿಕೊಡುವ ತರಗತಿಯಲ್ಲಿ ಈ ಟೈಲರ್ ಹುಡುಗಿಯದು ಎತ್ತಿದ ಕೈ. ಬಟ್ಟೆಯ ಗೊಂಬೆಯನ್ನು ಕೊಟ್ಟರೆ ಸಾಕು, ತಲೆ, ಕತ್ತು, ಬೆನ್ನು ಒಂದೇ ನೇರಕ್ಕೆ ತಂದು ಚಕ್ಕನೆ ಎದೆಗೊತ್ತಿಕೊಳ್ಳುತ್ತಿದ್ದಳು. ಗೊಂಬೆಯನ್ನು ತಲೆಕೆಳಗಾಗಿ ಹಿಡಿದು ಪೇಚಾಡುವವರನ್ನು ತಿದ್ದುವವಳೂ ಇವಳೇ. "ನಾನು ರಜೆ ಹಾಕಿದ ದಿನ ನೀನೇ ಪಾಠ ಮಾಡಮ್ಮ" ಎಂದು ನರ್ಸಮ್ಮ ನಗಾಡಿದ್ದೂ ಉಂಟು.

ಈಗ ಅವಳು ಗೋಡೆಗೆ ಮುಖಮಾಡಿ ಮಲಗಿದ್ದಳು. ಪಕ್ಕದಲ್ಲಿ ಮಗು ಅತ್ತೂ ಅತ್ತೂ ಕೆಂಪಾಗಿತ್ತು.

"ನೀವು ಹೇಳಿದ್ದೆಲ್ಲ ಮಾಡಿದೆ ಸಿಸ್ಟರ್. ಬಾಯಿಗಿಟ್ರೆ ಕಚ್ಚತ್ತೆ, ಜೀವ ಹೋದಂಗಾಗತ್ತೆ. ಆಮೇಲೆ ಬಿಟ್ಟು ಅಳತ್ತೆ. ನಾನು ಗೊಂಬೆಗೆ ಅಮ್ಮ ಆಗೋಕಷ್ಟೇ ಲಾಯಕ್ಕು."

"ಏನೇನೋ ಮಾತಾಡ್ಬೇಡ. ಎದ್ದು ಕೂತ್ಕೊ. ಒಂದ್ಸಲ ನನ್ನೆದುರಿಗೆ ಕುಡಿಸು."

ಹಿಡಿದ ರೀತಿಯಲ್ಲಿ ಕೊಂಕು ಹುಡುಕುವಂತಿರಲಿಲ್ಲ. ಚಕ್ಕನೆ ಎದೆಗೊತ್ತಿಕೊಂಡಳು. ಮಗುವಿನ ಬಾಯಿ ಅರ್ಧವೂ ತೆರೆದಿರಲಿಲ್ಲ; ಸಿಕ್ಕಿದ್ದು ತೊಟ್ಟಿನ ತುದಿ ಮಾತ್ರ. ಅವಳು ಹಲ್ಲು ಕಚ್ಚಿ ಕಣ್ಣು ಮುಚ್ಚಿದಳು.

ನರ್ಸಮ್ಮನಿಗೆ ತರಗತಿಯ ಗೊಂಬೆ ನೆನಪಾಯಿತು. ಗೊಂಬೆಯ ಬಾಯಿ ಎಂದರೆ ಕೆಂಪು ದಾರದಲ್ಲಿ ಹೊಲಿದ ಒಂದು ಗೆರೆ. ಅದು ತೆರೆಯುವುದಿಲ್ಲ, ಅದಕ್ಕಾಗಿ ಯಾರೂ ಕಾಯಬೇಕಾಗಿಲ್ಲ. ಕಾಯಬೇಕೆಂದು ಬಾಯಲ್ಲಿ ಹೇಳಿದ್ದಳೇನೋ ನಿಜ, ಕೈಗೆ ರೂಢಿ ಮಾಡಿಸಿದ್ದು ಮಾತ್ರ ಅವಸರವನ್ನು. ಇಷ್ಟು ವರ್ಷಗಳಲ್ಲಿ ಇನ್ನೆಷ್ಟು ಜನ ಹೀಗೆ ಗೋಡೆಗೆ ಮುಖಮಾಡಿದ್ದರೋ ಎಂದುಕೊಳ್ಳುತ್ತಾ ಹೆಗಲ ಚೀಲವನ್ನು ಕೆಳಗಿಟ್ಟಳು.

ಕಿರುಬೆರಳಿನಿಂದ ಮಗುವಿನ ಹಿಡಿತ ಬಿಡಿಸುತ್ತಾ ಹೇಳಿದಳು: "ತಪ್ಪು ನಂದು ಕಣಮ್ಮ. ಗೊಂಬೆ ಬಾಯಿ ತೆರೆಯಲ್ಲ, ಇದು ತೆರೆಯತ್ತೆ. ತುಟಿಗೆ ಸೋಕಿಸಿ ಸುಮ್ನೆ ಕಾಯಿ. ಆಕಳಿಸುವಾಗ ತೆರೆಯತ್ತಲ್ಲ, ಅಷ್ಟಗಲ ಆಗ್ಲಿ. ಅಲ್ಲೀವರೆಗೂ ಒತ್ಕೋಬೇಡ."

"ತೆರೀದೇ ಇದ್ರೆ?"

"ಕಾಯೋಣ. ನನಗೇನು ಬೇರೆ ಕೆಲ್ಸ?" ಆಕೆಯ ಬಸ್ಸು ಆಗಲೇ ಹೋಗಿಯಾಗಿತ್ತು.

ನರ್ಸಮ್ಮ ಮಂಚದ ಅಂಚಿನಲ್ಲಿ ಕೂತು ಬಾಣಂತಿಯ ಮೊಣಕೈಗೆ ತನ್ನ ಕೈಯ ಆಸರೆ ಕೊಟ್ಟಳು. ಮಗು ಮೂಸಿತು, ಮುಖ ಸಿಂಡರಿಸಿತು, ತಲೆ ಆಡಿಸಿತು. "ಹಸಿದಿರೋ ಕೂಸನ್ನ ಯಾಕೆ ಸತಾಯಿಸ್ತೀರಿ" ಎಂದು ಅಜ್ಜಿಯಾದವಳು ಗೊಣಗಿದಳು. ಹುಡುಗಿಯ ತೋಳು ಒತ್ತಲು ಹವಣಿಸಿತು, ಹಾಗೇ ತಡೆದು ನಿಂತಿತು.

ಮಗುವಿನ ಬಾಯಿ ಅಗಲವಾಗಿ ತೆರೆದುಕೊಂಡಿತು. ಅವಳು ಹತ್ತಿರಕ್ಕೆಳೆದುಕೊಂಡಳು.

ವಾರ್ಡಿನಲ್ಲಿ ಅಳು ನಿಂತಿತ್ತು. ಸ್ವಲ್ಪ ಹೊತ್ತಿಗೆ ಗುಟುಕರಿಸುವ ಸದ್ದು ಕೇಳಿಸಿತು. ನರ್ಸಮ್ಮನ ಕೈ ಜೋಮು ಹಿಡಿದಿತ್ತು, ಅಲುಗಿಸಲು ಧೈರ್ಯವಾಗಲಿಲ್ಲ.

"ಸಿಸ್ಟರ್," ಹುಡುಗಿ ಮಗುವಿನ ಮೇಲಿನ ಕಣ್ಣು ಕೀಳದೆ ಮೆಲ್ಲಗೆ ಅಂದಳು, "ಕೈ ತೆಗೀರಿ. ನಾನೇ ಹಿಡ್ಕೋತೀನಿ."

ನರ್ಸಮ್ಮ ಕೈಯನ್ನು ನಿಧಾನವಾಗಿ ಹಿಂದಕ್ಕೆಳೆದುಕೊಂಡಳು. ಹುಡುಗಿಯ ಮೊಣಕೈ ಇದ್ದಲ್ಲೇ ಇತ್ತು.