ಸೊಂಟ ನೋವಲ್ಲ, ಸಿಟ್ಟು

ಬಾಳೂರಿನ ಮೇಲ್ಗಡೆಯ ಹಳ್ಳದ ಪಕ್ಕ ಸೋಮಶೇಖರಪ್ಪನವರ ಮನೆ. ಒಂದಿಷ್ಟು ರೊಬಸ್ಟಾ ಕಾಫಿ ತೋಟ, ಮರಗಳಿಗೆ ಹಬ್ಬಿದ ಮೆಣಸು, ಹಳೆಯದೊಂದು ಜೀಪು ಮತ್ತು ಸಿಟ್ಟು. ಇವಿಷ್ಟು ಅವರ ಆಸ್ತಿ. ತೋಟ ಅಪ್ಪ ಕೊಟ್ಟದ್ದು. ಸಿಟ್ಟು ಟಿವಿ ಕೊಟ್ಟದ್ದು.

ಚುನಾವಣೆ ಹತ್ತಿರ ಬಂದಿತ್ತು. ಯಾವ ಚಾನೆಲ್ ಹಾಕಿದರೂ ಹಗರಣ. ಟಿವಿ ಆರಿಸಿ ಹೊರಗೆ ಬಂದರೆ ಕಣ್ಣೆದುರೇ ಇನ್ನೊಂದು. ಅವರ ಮನೆಗೆ ತಿರುಗುವ ದಾರಿಯ ಮೋರಿಯನ್ನು ಒಬ್ಬ ನಾಯಕರು ಒಮ್ಮೆ, ಅವರ ಎದುರಾಳಿ ಇನ್ನೊಮ್ಮೆ ಉದ್ಘಾಟಿಸಿದ್ದರು. ಉದ್ಘಾಟನೆಯ ಕಲ್ಲುಗಳೆರಡೂ ಗಟ್ಟಿಯಾಗಿ ನಿಂತಿದ್ದವು. ಮೋರಿ ಮಾತ್ರ ಇನ್ನೂ ಬಂದಿರಲಿಲ್ಲ.

ಕೊಟ್ಟಿಗೆಹಾರದ ಗುರುವಯ್ಯನ ಹೋಟೆಲಿನಲ್ಲಿ ನೀರ್‌ದೋಸೆ ಮುರಿಯುತ್ತ ಸೋಮಶೇಖರಪ್ಪ ಎಲ್ಲರೆದುರು ಶಪಥ ಮಾಡಿದರು.

"ಈ ಸಲ ನನ್ನ ಬೆರಳಿಗೆ ಶಾಯಿ ಬಿದ್ರೆ ನನ್ನ ಹೆಸ್ರು ಸೋಮಶೇಖರಪ್ಪನೇ ಅಲ್ಲ!"

"ಹಂಗಂದ್ರೆ ಹೆಂಗೆ ಮಾರಾಯ್ರೆ? ಇಷ್ಟು ವರ್ಷ ಕರೆದು ರೂಢಿಯಾಗಿದೆ," ಎಂದ ಗುರುವಯ್ಯ ಚಟ್ನಿ ಬಡಿಸುತ್ತ. "ಇನ್ನೊಂದು ದೋಸೆ ಹಾಕ್ಲಾ?"

"ಹಾಕು. ಬೆಳಿಗ್ಗೆ ಒಂದು ಪಾರ್ಟಿ, ಸಂಜೆ ಇನ್ನೊಂದು. ಮೊನ್ನೆ ಒಬ್ರು ಜೈಲಿಂದ ಹೊರಗೆ ಬಂದ್ರೆ ಕ್ರೇನ್ ತಂದು ಸೇಬಿನ ಹಾರ ಹಾಕಿದ್ರು. ಆ ಸೇಬನ್ನಾದ್ರೂ ಹಂಚಿದ್ರೆ ಮಕ್ಳು ತಿಂತಿದ್ವು. ಇಂಥವ್ರಿಗೆ ಓಟು ಹಾಕೋಕೆ ನಾನು ಜೀಪು ತೆಗೀಬೇಕಾ? ನಾನು ಹೋಗ್ದೇ ಇದ್ರೆ ಗೊತ್ತಾಗುತ್ತೆ ಅವ್ರಿಗೆ!"

"ಯಾರಿಗೆ?"

"ಎಲ್ಲರಿಗೂ!"

ಗುರುವಯ್ಯ ಇನ್ನೊಂದು ದೋಸೆ ಹಾಕಿದ.

ಇಷ್ಟರಲ್ಲಿ ಹಳ್ಳದ ನೀರಿಗೆ ಪಾಳಿ ಕಟ್ಟುವ ದಿನ ಬಂತು. ಕಾಫಿ ಮೊಗ್ಗು ಬಲಿತ ಮೇಲೆ ಒಂದು ಒಳ್ಳೆಯ ಮಳೆ ಬೀಳಬೇಕು, ಆಗಲೇ ಹೂ ಅರಳುವುದು. ಮಳೆ ಕೈಕೊಟ್ಟರೆ ಹಳ್ಳದ ನೀರನ್ನು ಮೋಟರಿನಲ್ಲಿ ಎಳೆದು ಮಳೆಯ ಹಾಗೆ ಹಾರಿಸಬೇಕು. ಹೂ ಬಿದ್ದು ಕೆಲವು ವಾರಗಳಿಗೆ ಇನ್ನೊಂದು ಸುತ್ತು ನೀರು. ಅದು ತಪ್ಪಿದರೆ ಕಟ್ಟಿದ ಕಾಯಿಯೂ ಉದುರುತ್ತದೆ. ಎಲ್ಲರೂ ಒಟ್ಟಿಗೆ ಮೋಟರು ಹಾಕಿದರೆ ಮಧ್ಯಾಹ್ನಕ್ಕೆಲ್ಲ ಹಳ್ಳ ಕೆಸರು. ಅದಕ್ಕೇ ಪಾಳಿ.

ಪ್ರತಿ ಸುತ್ತಿಗೂ ಪಾಳಿ ನಿಶ್ಚಯವಾಗುವುದು ನಂಜಮ್ಮನ ಜಗಲಿಯಲ್ಲಿ. ಊರಿಗೇ ಹಿರಿಯಳು ನಂಜಮ್ಮ. ಅವಳು ತಾಮ್ರದ ತಂಬಿಗೆ ಇಟ್ಟು ಮೇಲೊಂದು ಟವೆಲ್ ಹೊದಿಸುತ್ತಾಳೆ. ಇದ್ದ ಪಾಳಿಯೇ ಸಾಕೆನ್ನುವವರು ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ಸುಲಿದು ಒಳಪೊರೆಯೊಡನೆ ಒಣಗಿಸಿದ ಬಿಳಿ ಕಾಫಿ ಬೀಜ ಹಾಕಬೇಕು. ಬದಲಾಗಬೇಕೆನ್ನುವವರು ಕರಿಮೆಣಸಿನ ಕಾಳು. ಮೋಟರು ಯಾರ ಹೆಸರಿನಲ್ಲಿದೆಯೋ ಅವರ ಕೈಯೇ ಒಳಗೆ ಹೋಗಬೇಕು. ಟವೆಲಿನ ಕೆಳಗೆ ಕೈ ಏನನ್ನು ಬಿಟ್ಟಿತೆಂದು ಗಂಡ ಹೆಂಡತಿಗೂ ಹೇಳಬೇಕಾಗಿಲ್ಲ. ಎರಡೂ ಸಮ ಬಂದರೆ ಇದ್ದ ಪಾಳಿಯೇ ಮುಂದುವರಿಯುತ್ತದೆ.

ಇದ್ದ ಪಾಳಿ ಭೂತಯ್ಯನದು. ಮೊದಲು ಅವನು, ಆಮೇಲೆ ಅವನ ಅಣ್ಣತಮ್ಮಂದಿರು, ಮಿಕ್ಕರೆ ಊರು. ಹೋದ ವರ್ಷ ತನ್ನ ಪಾಳಿ ಮುಗಿದ ಮೇಲೂ ಮೋಟರು ಓಡಿಸಿ ಸಿಕ್ಕಿಬಿದ್ದಿದ್ದ. ಕೇಳಿದರೆ, "ಸ್ವಿಚ್ ಹಿಡ್ಕೊಂಡಿತ್ತು, ನಾನೆಂಥ ಮಾಡ್ಲಿ?" ಎಂದಿದ್ದ. ಈ ಸಲ ಪಕ್ಕದ ತೋಟದ ಮಲ್ಲೇಶ್ ಹೊಸ ಪಾಳಿ ಹೇಳಿದ್ದ: ತೋಟ ಎಷ್ಟೋ ನೀರು ಅಷ್ಟು, ಮೇಲಿನಿಂದ ಕೆಳಕ್ಕೆ ಸರದಿ.

"ಹೋಗಿ ಒಂದು ಮೆಣಸಿನ ಕಾಳು ಹಾಕಿ ಬನ್ನಿ," ಎಂದಳು ಹೆಂಡತಿ ರುದ್ರಾಣಿ.

"ಆ ಭೂತಯ್ಯ ಕೂತಿರೋ ಜಗಲಿಗೆ ನಾನು ಹೋಗ್ಬೇಕಾ? ಹೋಗಲ್ಲ. ಹೋಗ್ದೇ ಇರೋದೇ ಅವ್ನ ಮುಖಕ್ಕೆ ಹೊಡ್ದಂಗೆ."

"ಅವನ ಮುಖಕ್ಕೆ ಅಷ್ಟು ದೂರದಿಂದ ಏಟು ತಾಗುತ್ತಾ?"

"ತಾಗುತ್ತೆ ಮಾರಾಯ್ತಿ. ನೋಡ್ತಿರು."

ರುದ್ರಾಣಿ ಊರಿನ ಸ್ವಸಹಾಯ ಸಂಘದ ಹೆಂಗಸರ ಜೊತೆ ಅಲ್ಲಿಗೆ ಕಾಫಿ ಹಂಚಲು ಹೋದಳು. ಸೋಮಶೇಖರಪ್ಪ ಮನೆಯಲ್ಲೇ ಕಾಲ ಮೇಲೆ ಕಾಲು ಹಾಕಿ ಕೂತರು. ತಾವಿಲ್ಲದ ಜಗಲಿಯನ್ನು ಕಣ್ಣಿಗೆ ತಂದುಕೊಂಡರು. ಎಲ್ಲರೂ ಅವರ ಖಾಲಿ ಜಾಗ ನೋಡುತ್ತಿದ್ದಾರೆ. ಯಾರೂ ಮಾತಾಡುತ್ತಿಲ್ಲ. ಭೂತಯ್ಯ ತಲೆ ತಗ್ಗಿಸಿದ್ದಾನೆ. ಆಹಾ, ಎಂಥ ಗಂಭೀರ ಮೌನ! ಅವರಿಗೇ ಮೈ ಜುಮ್ಮೆಂದಿತು.

ಸಂಜೆ ರುದ್ರಾಣಿ ಬಂದಳು.

"ಎಂಥಾಯ್ತು?"

"ಸಮ ಸಮ. ಹಳೇ ಪಾಳಿನೇ ಉಳೀತು. ನಮ್ದು ಎಲ್ಲರ ಕೊನೆಗೆ."

"ಅದಿರ್ಲಿ. ನಾನು ಬರ್ಲಿಲ್ಲ ಅಂತ ಭೂತಯ್ಯ ಕೇಳಿದ್ನಾ?"

"ಕೇಳ್ದ. ಸೋಮಶೇಖರಪ್ಪ ಯಾಕೆ ಕಾಣಲ್ಲ ಅಂದ."

"ಹಾಂ! ಆಮೇಲೆ?"

"ಸೊಂಟ ನೋವಿರ್ಬೇಕು, ಮೊನ್ನೆ ಮೆಣಸು ಕೊಯ್ಯೋ ಏಣಿ ಹೊತ್ತಿದ್ರು ಅಂತ ಮಲ್ಲೇಶ್ ಅಂದ. ಎಲ್ರೂ ಪಾಪ ಅಂದ್ರು."

"ಪಾಪ?"

"ಹೂಂ. ಪಾಪ ಅಂದು ಕಾಫಿ ಕುಡಿದ್ರು."

ಮರುದಿನ ಬೆಳಗಾಗುವುದರೊಳಗೆ ನಂಜಮ್ಮನ ಮನೆಯಿಂದ ಒಂದು ಬಾಟಲಿ ನೋವಿನೆಣ್ಣೆ ಬಂತು. ಮಲ್ಲೇಶ್ ಒಳ್ಳೆಯ ನಾಟಿ ವೈದ್ಯರ ವಿಳಾಸ ಹೇಳಿ ಹೋದ. ಮಧ್ಯಾಹ್ನ ಭೂತಯ್ಯನೇ ಬಂದ. ಕೈಯಲ್ಲಿ ರಬ್ಬರಿನ ಬಿಸಿನೀರಿನ ಚೀಲ.

"ಇಟ್ಕೊಳ್ಳಿ ಸೋಮಶೇಖರಪ್ಪೋರೆ. ಇದ್ರಲ್ಲಿ ನೀರು ಧಾರಾಳ ಹಿಡಿಯುತ್ತೆ."

ಸೋಮಶೇಖರಪ್ಪ ಸಿಟ್ಟಿಗೆ ಹಲ್ಲು ಕಚ್ಚಿ ಮುಖ ಕಿವುಚಿದರು. ಅದನ್ನು ಭೂತಯ್ಯ ನೋವೆಂದೇ ತಿಳಿದು, "ನಿಧಾನ, ನಿಧಾನ," ಎಂದು ಬೆನ್ನು ಸವರಿ ಹೋದ.

ಅವರ ಪಾಳಿ ಬರುವಷ್ಟರಲ್ಲಿ ಹಳ್ಳ ಸೊರಗಿತ್ತು. ನೀರು ಅವರ ತೋಟದ ಕೆಳಭಾಗಕ್ಕೆ ಸಾಕಾಯಿತು, ಮೇಲ್ಭಾಗಕ್ಕೆ ಸಾಲಲಿಲ್ಲ. ಒಂದು ವಾರ ಕಳೆದು ಹೂ ಅರಳಿದಾಗ ಕೆಳಗೆ ಹಾಲು ಚೆಲ್ಲಿದ ಹಾಗೆ ಬೆಳ್ಳಗೆ, ಘಮಘಮ. ಮೇಲೆ ಅಲ್ಲೊಂದು ಇಲ್ಲೊಂದು. ಉಳಿದ ಮೊಗ್ಗು ಕಂದಿ ಹೋಗಿತ್ತು. ಇನ್ನು ಎರಡನೇ ಸುತ್ತಿನ ನೀರೂ ಹೀಗೇ ಆದರೆ ಕೆಳಗೆ ಕಟ್ಟಿದ ಕಾಯಿಯೂ ನಿಲ್ಲುವುದಿಲ್ಲ. ಅವರು ನೇರ ನಂಜಮ್ಮನ ಜಗಲಿಗೆ ನಡೆದರು.

"ನಂಜಮ್ಮ, ಇನ್ನೊಂದ್ಸಲ ತಂಬಿಗೆ ಇಡಿ."

"ಎರಡನೇ ಸುತ್ತು ಬರ್ಲಿ ಮಗ. ನಡುವೆ ತಂಬಿಗೆ ಇಡೋ ಕ್ರಮ ಇಲ್ಲ."

"ನಾನು ಸುಮ್ನೆ ತಪ್ಪಿಸ್ಕೊಂಡಿದ್ದಲ್ಲ. ಸಿಟ್ಟಲ್ಲಿ ಬರ್ಲಿಲ್ಲ."

"ಹೌದಾ? ತಂಬಿಗೆಗೆ ಹೆಂಗೆ ಗೊತ್ತಾಗ್ಬೇಕು ಅದು?" ಎಂದಳು ನಂಜಮ್ಮ. ಆಮೇಲೆ ಕಾಳಜಿಯಿಂದ, "ಎಣ್ಣೆ ತಿಕ್ಕಿದ್ಯಾ?"

ಮತದಾನಕ್ಕೆ ಕೆಲವು ದಿನ ಇರುವಾಗ ರೂಪಶ್ರೀ ಬಂದಳು. ಅಂಗನವಾಡಿ ಟೀಚರು. ಮತಗಟ್ಟೆ ಮಟ್ಟದ ಅಧಿಕಾರಿಯ ಕೆಲಸವೂ ಅವಳದೇ, ಮನೆಮನೆಗೆ ಮತದಾರರ ಚೀಟಿ ಹಂಚುತ್ತಿದ್ದಳು.

"ಸರ್, ನಿಮ್ಮ ಚೀಟಿ. ಬೂತಲ್ಲಿ ಗಾಲಿಕುರ್ಚಿ ಇದೆ, ಹೇಳಿದ್ರೆ ಜೀಪಿನ ಹತ್ರಾನೇ ತರ್ತಾರೆ. ಸೊಂಟ ನೋವು ಅಂತ ಕೇಳ್ದೆ."

ಸೋಮಶೇಖರಪ್ಪ ಎದ್ದು ನಿಂತು, ಬಗ್ಗಿ ಕಾಲಿನ ಬೆರಳು ಮುಟ್ಟಿ ತೋರಿಸಿದರು.

"ನೋಡು! ಸೊಂಟ ಕಬ್ಬಿಣ ಇದ್ದಂಗಿದೆ! ಸೊಂಟ ನೋವಲ್ಲ ಮಾರಾಯ್ತಿ, ಸಿಟ್ಟು! ಅವತ್ತು ಭೂತಯ್ಯನ ಮೇಲೆ, ಇವತ್ತು ಈ ರಾಜಕಾರಣಿಗಳ ಮೇಲೆ. ನಾನು ಓಟಿಗೆ ಬರಲ್ಲ."

ರೂಪಶ್ರೀ ನಕ್ಕಳು. "ಸಿಟ್ಟು ಬರೋದು ನ್ಯಾಯಾನೇ. ಆ ಮೋರಿ ಇಲ್ದೆ ಮಳೆಗಾಲದಲ್ಲಿ ನನ್ನ ಸ್ಕೂಟಿನೂ ಎರಡು ಸಲ ಬಿದ್ದಿದೆ. ಆದ್ರೆ ಸರ್, ಬರ್ದೇ ಇದ್ದೋರಲ್ಲಿ ಜ್ವರ ಬಂದೋರು, ಮದ್ವೆಗೆ ಹೋದೋರು, ಮಲಗಿ ನಿದ್ದೆ ಹೊಡ್ದೋರು ಎಲ್ರೂ ಇರ್ತಾರೆ. ನೀವು ಅವ್ರ ಜೊತೆ ಸೇರ್ಕೊಂಡ್ರೆ ನಿಮ್ಮ ಸಿಟ್ಟನ್ನ ಬೇರೆ ಮಾಡಿ ಯಾರು ಎಣಿಸ್ತಾರೆ?"

"ಇವ್ರಿಗೆ ಗೊತ್ತು ಬಿಡು," ಎಂದಳು ರುದ್ರಾಣಿ ಒಳಗಿನಿಂದ. "ಒಂದು ಬಾಟ್ಲಿ ಎಣ್ಣೆ ಇದೆ, ಒಂದು ಬಿಸಿನೀರಿನ ಚೀಲ ಇದೆ. ಓಟಿಗೂ ಹೋಗ್ದಿದ್ರೆ ಆ ಎಂಎಲ್‌ಎ ಒಂದು ಊರುಗೋಲು ಕಳಿಸ್ತಾರೆ. ಉದ್ಘಾಟನೆ ಮಾಡಿ ಕೊಡ್ತಾರೆ."

ಸೋಮಶೇಖರಪ್ಪನವರಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಮೇಲಿನ ತೋಟದ ಕಡೆ ನೋಡಿದರು. ನಗು ಸಣ್ಣಗಾಯಿತು. ತಾವು ಗಂಭೀರ ಮೌನವೆಂದು ತಿಳಿದದ್ದು ಊರಿಗೆ ಬರೀ ಖಾಲಿ ಜಾಗವಾಗಿತ್ತು. ಆ ಖಾಲಿ ಜಾಗವೇ ಭೂತಯ್ಯನ ಪಾಳಿಯನ್ನು ಎತ್ತಿ ಹಿಡಿದಿತ್ತು.

"ಸರಿ, ಬಂದೆ ಅಂತಿಟ್ಕೋ. ಯಾರಿಗೆ ಹಾಕ್ಲಿ? ಎಲ್ಲ ಒಂದೇ ಗದ್ದೆ ಏಡಿಗಳು."

"ಅದನ್ನ ನಾನು ಹೇಳೋ ಹಾಗಿಲ್ಲ. ಯಾರೂ ಹೇಳ್ಬಾರ್ದು. ಆದ್ರೆ ಒಂದೇ ಗದ್ದೆಯವ್ರಾ ಅಂತ ನೀವೇ ನೋಡ್ಬಹುದು. ಯಾರ ಮೇಲೆ ಎಂಥ ಕೇಸಿದೆ, ಆಸ್ತಿ ಎಷ್ಟು, ಓದಿದ್ದೆಷ್ಟು ಅಂತ ಪ್ರತಿ ಅಭ್ಯರ್ಥಿನೂ ಪ್ರಮಾಣಪತ್ರ ಕೊಡ್ಬೇಕು. ಚುನಾವಣಾ ಆಯೋಗದ ವೆಬ್‌ಸೈಟಲ್ಲಿ ಇರುತ್ತೆ, ಫೋನಲ್ಲೇ ಸಿಗುತ್ತೆ."

"ನೋಡಿದ ಮೇಲೂ ಒಬ್ರೂ ಸರಿ ಕಾಣ್ಲಿಲ್ಲ ಅಂದ್ರೆ?"

"ಕೊನೇಲಿ ನೋಟಾ ಬಟನ್ ಇದೆ. ಯಾರೂ ಬೇಡ ಅಂತ. ಅದ್ರಿಂದ ಯಾರೂ ಸೋಲಲ್ಲ, ಹೆಚ್ಚು ಓಟು ಬಿದ್ದೋರೇ ಗೆಲ್ಲೋದು. ಆದ್ರೆ ಅದನ್ನೂ ಎಣಿಸ್ತಾರೆ, ಎಷ್ಟು ಬಿತ್ತು ಅಂತ ಹೊರಗೆ ಹೇಳ್ತಾರೆ. ಅಲ್ಲಿ ನಿಮ್ಮ ಸಿಟ್ಟು ಸಿಟ್ಟಾಗೇ ಇರುತ್ತೆ, ಸೊಂಟ ನೋವಾಗಲ್ಲ."

ಹೊರಡುವಾಗ ತಿರುಗಿ ಹೇಳಿದಳು: "ಈ ಚೀಟಿ ಒಂದೇ ಸಾಲಲ್ಲ. ಓಟರ್ ಐಡಿ ತನ್ನಿ, ಇಲ್ದಿದ್ರೆ ಆಧಾರೋ ಡ್ರೈವಿಂಗ್ ಲೈಸೆನ್ಸೋ ಆಗುತ್ತೆ. ಫೋನ್ ಒಳಗೆ ಬಿಡಲ್ಲ. ತೋಟದ ಕೆಲ್ಸದವ್ರಿಗೆ ಅವತ್ತು ಸಂಬಳ ಸಹಿತ ರಜೆ, ಮರೀಬೇಡಿ."

ಆ ಸಂಜೆ ಟಿವಿ ಹಾಕಲಿಲ್ಲ. ಗಂಡ ಹೆಂಡತಿ ಒಂದೇ ಫೋನಿಗೆ ತಲೆ ಬಗ್ಗಿಸಿ ಪ್ರಮಾಣಪತ್ರ ಓದಿದರು. "ಅಯ್ಯೋ, ಇವ್ರಿಗೆ ಸ್ವಂತ ಕಾರೇ ಇಲ್ವಂತೆ!" ಎಂದರು ಸೋಮಶೇಖರಪ್ಪ. "ಪಾಪ, ಹೆಂಡ್ತಿ ಹತ್ರ ಮೂರಿವೆ, ಕೆಳಗೆ ನೋಡಿ," ಎಂದಳು ರುದ್ರಾಣಿ. ಇಷ್ಟು ನಕ್ಕು ಎಷ್ಟೋ ಕಾಲವಾಗಿತ್ತು.

ಮತದಾನದ ದಿನ ಶಾಲೆಯ ಅಂಗಳದಲ್ಲಿ ಸಾಲು. ನಂಜಮ್ಮ ಹೊಸ ಸೀರೆಯುಟ್ಟು ಬಂದಿದ್ದಳು. ವಯಸ್ಸಾಯಿತಲ್ಲ, ಮನೆಯಿಂದಲೇ ಓಟು ಹಾಕಲು ಅರ್ಜಿ ಕೊಡಬಹುದಿತ್ತಲ್ಲ ಎಂದರೆ, "ಮನೇಲಿ ಹಾಕಿದ್ರೆ ಈ ಸೀರೆ ಯಾರಿಗೆ ತೋರಿಸ್ಲಿ?" ಎಂದಳು. ಸೋಮಶೇಖರಪ್ಪ ಜೀಪಿನಿಂದ ಎಲ್ಲರಿಗೂ ಕಾಣುವ ಹಾಗೆ ನೆಗೆದು ಇಳಿದರು. ಆದರೂ ಯಾರೋ ಬೆಂಚು ಸರಿಸಿ, "ಕೂತ್ಕೊಳ್ಳಿ, ಸೊಂಟ ಜೋಪಾನ," ಎಂದರು.

ಒಳಗೆ ಹೋದರು. ಬಟನ್ ಒತ್ತಿದರು. ಯಾರಿಗೆಂದು ರುದ್ರಾಣಿಗೂ ಹೇಳಲಿಲ್ಲ. ಅವಳೂ ಹೇಳಲಿಲ್ಲ.

ಹೊರಗೆ ಸಾಲಿನಲ್ಲಿ ಗುರುವಯ್ಯ ನಿಂತಿದ್ದ. ಶಾಯಿ ಹಚ್ಚಿದ ಬೆರಳನ್ನು ನೋಡಿದ.

"ಹೊಸ ಹೆಸ್ರು ಎಂಥ ಇಟ್ಕೊಂಡ್ರಿ ಸ್ವಾಮಿ?"

"ಸದ್ಯಕ್ಕೆ ಮತದಾರ ಅಂತ ಕರಿ. ದೋಸೆ ಮಾತ್ರ ಹಳೇ ರುಚೀಲೇ ಇರ್ಲಿ!"

ಸಾಲಿಗೆ ಸಾಲೇ ನಕ್ಕಿತು.

ಅಂದು ಸಂಜೆಯೇ ಎರಡನೇ ಸುತ್ತಿನ ಪಾಳಿಗೆ ತಂಬಿಗೆ ಇಡುವುದಿತ್ತು. ನಂಜಮ್ಮನ ಜಗಲಿಗೆ ಎಲ್ಲರಿಗಿಂತ ಮೊದಲು ಹೋಗಿ ಕೂತವರು ಸೋಮಶೇಖರಪ್ಪ. ಸರದಿ ಬಂದಾಗ ಶಾಯಿಯ ಬೆರಳು ಟವೆಲಿನ ಕೆಳಗೆ ಹೋಯಿತು, ಬಂತು. ನಂಜಮ್ಮ ತಂಬಿಗೆಯನ್ನು ಮೊರಕ್ಕೆ ಸುರಿದಳು. ಬಿಳಿಯ ನಡುವೆ ಕಪ್ಪು ಉರುಳಿತು. ಎಣಿಸಿದರು. ಕಪ್ಪೇ ಹೆಚ್ಚು, ಒಂದೇ ಒಂದು ಕಾಳು! ಮಲ್ಲೇಶ್ ಹೇಳಿದ ಪಾಳಿ ಗೆದ್ದಿತ್ತು.

ಭೂತಯ್ಯ ಮೊರ ನೋಡಿದ. ಹಣೆ ಬಡಿದುಕೊಂಡ. "ಆ ಸೊಂಟಕ್ಕೆ ಬಿಸಿನೀರಿನ ಚೀಲ ಕೊಟ್ಟು ವಾಸಿ ಮಾಡಿದ್ದು ನಾನೇ ಅಲ್ವಾ ಮಾರಾಯ್ರೆ!"

ನಕ್ಕೂ ನಕ್ಕೂ ನಂಜಮ್ಮನ ಕಣ್ಣಲ್ಲಿ ನೀರು ಬಂತು. ಮರುದಿನದಿಂದ ನೀರು ಮೇಲಿನಿಂದ ಕೆಳಕ್ಕೆ ಸರದಿಯಂತೆ ಹರಿಯಿತು. ಸೋಮಶೇಖರಪ್ಪನವರ ತೋಟದಲ್ಲಿ ಸ್ಪ್ರಿಂಕ್ಲರು ಚಟಚಟ ಎನ್ನುತ್ತ ತಿರುಗಿತು. ಹೋದ ಹೂ ಹೋಯಿತು. ಕಟ್ಟಿದ ಕಾಯಿ ನಿಂತಿತು. ಅವರು ತಾವೂ ಒಂದು ಸುತ್ತು ಆ ನೀರಿನಡಿ ನಿಂತು ನೆಂದು ಬಂದರು.

ದೊಡ್ಡ ಚುನಾವಣೆಯಲ್ಲಿ ಗೆದ್ದವರು ಧನ್ಯವಾದ ಹೇಳಲು ಊರಿಗೆ ಬಂದಾಗ, ಸೋಮಶೇಖರಪ್ಪ ಇನ್ನೂ ಶಾಯಿ ಮಾಸದ ಬೆರಳಿನಿಂದ ಎರಡು ಕಲ್ಲುಗಳನ್ನು ತೋರಿಸಿದರು. "ಕಲ್ಲು ಸಾಕು ಸ್ವಾಮಿ. ಇನ್ನು ಮೋರಿ ಕೊಡಿ. ನಾನು ಪ್ರತಿ ಸಲ ಬರ್ತೀನಿ, ನೆನಪಿರ್ಲಿ."

ಓದುತ್ತಿರುವವರೇ, ಕೇಳುತ್ತಿರುವವರೇ, ನಿಮಗೂ ಸಿಟ್ಟು ಬಂದಿದೆಯೇ? ಬರಲಿ. ಆದರೆ ಅದನ್ನು ಮನೆಯಲ್ಲಿ ಕೂರಿಸಬೇಡಿ, ಕೈಹಿಡಿದು ಮತಗಟ್ಟೆಗೆ ಕರೆದುಕೊಂಡು ಹೋಗಿ. ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ ಎಂದು ಇಂದೇ ನೋಡಿ, ಅನುಮಾನವಿದ್ದರೆ ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿ. ಅಭ್ಯರ್ಥಿಗಳ ಬಗ್ಗೆ ಓದಿ. ನೋಟಿಗೂ ಬೇಡ, ನೆಂಟಸ್ತಿಕೆಗೂ ಬೇಡ, ನಿಮ್ಮ ಮನಸ್ಸು ಹೇಳಿದವರಿಗೆ ಒತ್ತಿ. ಯಾರೂ ಬೇಡವೆಂದರೆ ಅದನ್ನೂ ಅಲ್ಲೇ ಹೋಗಿ ಹೇಳಿ.

ಮನೆಯಲ್ಲೇ ಉಳಿದಿರೋ, ನಾಳೆ ಬೆಳಗಾಗುವುದರೊಳಗೆ ನಿಮ್ಮ ಮನೆಗೂ ಒಂದು ಬಾಟಲಿ ನೋವಿನೆಣ್ಣೆ ಬಂದೀತು!