ಭಾವನ ಎಡಗೈ ಮೌಸ್

ಕಚೇರಿಯಲ್ಲಿ ಎಲ್ಲರೂ ಅವಳನ್ನು ರಿಮೋಟಮ್ಮ ಎನ್ನುತ್ತಿದ್ದರು. ಕೂತ ಕುರ್ಚಿ ಬಿಟ್ಟು ಏಳದೆ ಇಡೀ ಕಟ್ಟಡದ ಕಂಪ್ಯೂಟರುಗಳ ಕಿವಿ ಹಿಂಡುವವಳಿಗೆ ಇನ್ನೇನು ಹೆಸರಿಡುತ್ತಾರೆ! ಸೇತುವೆ, ಚರಂಡಿ, ನೀರಿನ ಕೊಳವೆಗಳ ನಕ್ಷೆ ಬರೆಯುವ ಕಚೇರಿ ಅದು. ಅವಳ ಒಡಹುಟ್ಟಿದ ಅಕ್ಕ ಅಲ್ಲೇ ಕೆಳಗೆ ಕಡತದ ಕೋಣೆಯಲ್ಲಿದ್ದಳು. ಅಕ್ಕನ ಗಂಡ ಮೇಲಿನ ಮಹಡಿಯ ಹಾಲ್‌ನಲ್ಲಿ ನಕ್ಷೆಗಾರರು. ನಕ್ಷೆಗಾರರಾಗಿದ್ದರು ಅನ್ನಬೇಕು. ಒಂದು ಬೆಳಿಗ್ಗೆ ಏನೋ ಅವಸರದ ಕೆಲಸವೆಂದು ಹೆಂಡತಿಗಿಂತ ಮೊದಲೇ ಹೊರಟ ಭಾವ, ಬಸ್ಸಿನಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟರು.

ತೀರಿಕೊಂಡವರ ಕಂಪ್ಯೂಟರ್ ಖಾತೆಯನ್ನು ಕೂಡಲೇ ಮುಚ್ಚಬೇಕೆಂಬುದು ನಿಯಮ. ಊರವರ ಖಾತೆಗಳನ್ನೆಲ್ಲ ಮುಲಾಜಿಲ್ಲದೆ ಮುಚ್ಚುವ ರಿಮೋಟಮ್ಮನಿಗೆ ಭಾವನದ್ದನ್ನು ಮುಚ್ಚಲು ಮಾತ್ರ ಕೈ ಬರಲಿಲ್ಲ. ನಾಳೆ ನೋಡಿದರಾಯಿತು ಎಂದು ಬಿಟ್ಟಿದ್ದಳು.

ಅಷ್ಟರಲ್ಲಿ ಮೇಲಧಿಕಾರಿಗೆ ಹೊಸ ಹುಚ್ಚು ಹತ್ತಿತು. ಯಾರು ಯಾವ ಮೇಜಿಗೆ ಬೇಕಾದರೂ ಕೂರುವಂತಾಗಬೇಕಂತೆ, ಎಲ್ಲರ ಪರದೆ, ಅಕ್ಷರ, ಮೌಸ್ ಒಂದೇ ಥರ ಇರಬೇಕಂತೆ.

“ಎಡಚರಿದ್ರೆ ಏನ್ಮಾಡೋದು ಸರ್?” ಎಂದು ರಿಮೋಟಮ್ಮ ಕೇಳಿದಳು.

“ಇದ್ದವರೊಬ್ರು ಹೋದ್ರಲ್ಲಮ್ಮ. ಇನ್ಯಾರಿದ್ದಾರೆ? ಮಾಡಿ ಮುಗಿಸು.”

ಆ ಬಾಯಿಗೆ ಮಣ್ಣು ಹಾಕ! ಅವಳು ಮನಸ್ಸಿನಲ್ಲೇ ಬೈದುಕೊಂಡು ತನ್ನ ಕೋಣೆಗೆ ಬಂದಳು.

ಯಾರಿಗೆ ಅಕ್ಷರ ಎಷ್ಟು ದೊಡ್ಡದಿರಬೇಕು, ಯಾರ ಮೌಸಿನ ಗುಂಡಿಗಳು ಯಾವ ಕೈಗೆ ಹೊಂದಿರಬೇಕು ಎಂಬುದೆಲ್ಲ ಕಂಪ್ಯೂಟರಿನ ರಿಜಿಸ್ಟ್ರಿ ಎಂಬ ಒಳದಾಖಲೆಯಲ್ಲಿ ಅವರವರ ಹೆಸರಿನಲ್ಲೇ ಇರುತ್ತದೆ. ಅವಳ ತಂತ್ರಾಂಶ ಗಂಟೆಗೊಮ್ಮೆ ಎಲ್ಲ ಕಡೆ ಸುತ್ತಿ, ಯಾರಾದರೂ ಬದಲಿಸಿಕೊಂಡಿದ್ದರೆ ತಿರುಗಿ ಸರಿ ಮಾಡುತ್ತದೆ. ಆದರೆ ಆ ಮನುಷ್ಯ ಲಾಗಿನ್ ಆಗಿ ಕೂತಿರಬೇಕು, ಇಲ್ಲದಿದ್ದರೆ ಹೆಸರಿನ ಮುಂದೆ ‘ಬಾಕಿ’ ಎಂದಷ್ಟೇ ತೋರಿಸುತ್ತದೆ. ಅವಳು ‘ಎಲ್ಲ ಬಳಕೆದಾರರು’ ಎಂದು ಆರಿಸಿ ಕಳಿಸಿಬಿಟ್ಟಳು. ಆ ಎಲ್ಲರಲ್ಲಿ ಭಾವನೂ ಸೇರಿದ್ದಾರೆಂದು ಆಗ ಹೊಳೆಯಲಿಲ್ಲ.

ಮರುದಿನ ನೋಡಿದರೆ ಭಾವನ ಹೆಸರಿನ ಮುಂದೆ ‘ಬಾಕಿ’ ಇಲ್ಲ! ‘ಎಡಗೈ ಮೌಸ್ ಬಲಗೈಗೆ ಸರಿಪಡಿಸಲಾಗಿದೆ’ ಎಂದಿತ್ತು. ಏನೋ ಎಡವಟ್ಟಾಗಿರಬೇಕು ಎಂದುಕೊಂಡಳು. ಅದರ ಮರುದಿನವೂ ಅದೇ. ಬಲಕ್ಕೆ ಮಾಡಿದ್ದನ್ನು ಯಾರೋ ತಿರುಗಿ ಎಡಕ್ಕೆ ಮಾಡಿದ್ದರು, ತಂತ್ರಾಂಶ ಮತ್ತೆ ಬಲಕ್ಕೆ ಮಾಡಿತ್ತು. ದೆವ್ವ ಗಿವ್ವ ಎಂದರೆ ಬಿದ್ದು ಬಿದ್ದು ನಗುತ್ತಿದ್ದವಳು, ಈಗ ಬೆನ್ನ ಹಿಂದೆ ಬಾಗಿಲು ಕಿರ್ರೆಂದರೂ ಬೆಚ್ಚುತ್ತಿದ್ದಳು. ಭಾವ ನಡೆದಾಡಿದ ಮೆಟ್ಟಿಲು ಹತ್ತಲೂ ಭಯವಾಗುತ್ತಿತ್ತು.

ಎರಡು ದಿನವೂ ಅದು ನಡೆದದ್ದು ಊಟದ ಹೊತ್ತಿಗೇ, ಮೇಲಿನ ಹಾಲ್‌ನಲ್ಲಿ ಯಾರೂ ಇಲ್ಲದಾಗ. ಮೂರನೆಯ ದಿನ ಅದೇ ಹೊತ್ತಿಗೆ ಜೀವ ಕೈಯಲ್ಲಿ ಹಿಡಿದುಕೊಂಡು ಮೇಲೆ ಹೋಗಿ ಗಾಜಿನ ಬಾಗಿಲಿಂದ ಇಣುಕಿದಳು. ಭಾವನ ಕುರ್ಚಿಯಲ್ಲಿ ಅಕ್ಕ ಕೂತಿದ್ದಳು. ಪರದೆಯ ಮೇಲೆ ಅರ್ಧಕ್ಕೆ ನಿಂತ ಸೇತುವೆಯ ನಕ್ಷೆ. ಅಕ್ಕ ಎಡಗೈಯಲ್ಲಿ ಮೌಸ್ ಹಿಡಿದು, ಒಂದು ಗೆರೆಯನ್ನೂ ಮುಟ್ಟದೆ, ಸುಮ್ಮನೆ ಅದನ್ನು ಆಚೆ ಈಚೆ ಸರಿಸುತ್ತಿದ್ದಳು.

ರಿಮೋಟಮ್ಮನಿಗೆ ಹೋದ ಜೀವ ಬಂದಂತಾಯಿತು. ಪಾಪ, ಅಷ್ಟಾದರೂ ಇರಲಿ ಇವಳಿಗೆ ಎಂದುಕೊಂಡು, ಸದ್ದಿಲ್ಲದೆ ಇಳಿದು ಬಂದು ಭಾವನ ಹೆಸರನ್ನು ತಂತ್ರಾಂಶದ ಪಟ್ಟಿಯಿಂದ ತೆಗೆದುಹಾಕಿದಳು. ಇನ್ನು ಅವರ ಮೌಸನ್ನು ಯಾರೂ ಮುಟ್ಟುವುದಿಲ್ಲ. ಒಳ್ಳೆಯ ಕೆಲಸ ಮಾಡಿದೆ ಎಂಬ ಸಮಾಧಾನವೂ ಆಯಿತು.

ಮರುದಿನ ಮಧ್ಯಾಹ್ನ ಅಕ್ಕ ಅವಳ ಕೋಣೆಗೆ ಬಂದು ಬಾಗಿಲು ಹಾಕಿಕೊಂಡಳು. ಅತ್ತು ಅತ್ತು ಮುಖ ಊದಿತ್ತು.

“ಬೈಬೇಡ ಕಣೇ. ಅವ್ರ ಕಂಪ್ಯೂಟರಲ್ಲಿ ಕೂರ್ತಿದ್ದೆ ನಾನು. ಪಾಸ್‌ವರ್ಡ್ ನಂಗೊತ್ತಿತ್ತು.”

“ಬೈಯಲ್ಲ ಬಿಡಕ್ಕಾ. ಅದಕ್ಯಾಕೆ ಅಳ್ತೀಯ?”

“ಅವ್ರು ಬರ್ತಿದ್ರು ಕಣೇ. ನಗಬೇಡ. ಮನೇಲಿ ನಮ್ಮಿಬ್ರಿಗೂ ಒಂದೇ ಕಂಪ್ಯೂಟರ್ ಅಲ್ವಾ? ತಮ್ಮ ಕೆಲಸ ಮುಗಿಸಿ ಏಳೋವಾಗ ಮೌಸ್ ನನ್ನ ಬಲಗೈಗೆ ತಿರುಗಿಸಿಟ್ಟೇ ಏಳ್ತಿದ್ರು. ಎಷ್ಟು ಜಗಳ ಆಡಿದ್ರೂ ಅದೊಂದು ಮರೀತಿರ್ಲಿಲ್ಲ. ಇಲ್ಲೂ ಹಂಗೇ ಆಗ್ತಿತ್ತು. ನಾನು ಎಡಕ್ಕೆ ಮಾಡಿ ಕೂತ್ಕೊಂಡ್ರೆ, ಸ್ವಲ್ಪ ಹೊತ್ತಿಗೆ ಅದು ತಾನೇ ಬಲಕ್ಕೆ ತಿರುಗ್ತಿತ್ತು. ನಿನ್ನೆ ಊಟದ ಹೊತ್ತು ಮುಗಿಯೋ ತನಕ ಕಾದೆ. ಇವತ್ತೂ ಕಾದೆ. ಬರಲೇ ಇಲ್ಲ. ಹೇಳದೆ ಹೋದೋರು ಮತ್ತೆ ಹೇಳದೆ ಹೋಗ್ಬಿಟ್ರು.”

ಅಯ್ಯೋ, ಉಪಕಾರ ಮಾಡಲು ಹೋಗಿ ಸತ್ತವರನ್ನು ಇನ್ನೊಮ್ಮೆ ಸಾಯಿಸಿದೆನಲ್ಲ! ಅದು ನಾನು ಅಕ್ಕಾ, ನಾನು ಕಳಿಸಿದ ಸೆಟ್ಟಿಂಗು ಎಂಬ ಮಾತು ರಿಮೋಟಮ್ಮನ ನಾಲಿಗೆಯ ತುದಿಗೆ ಬಂತು. ಅಕ್ಕನ ಮುಖ ನೋಡಿ ಆ ಮಾತನ್ನು ನುಂಗಿದಳು.

“ಇನ್ನೊಂದು ಸಲ ಹೋಗಿ ಕೂತು ನೋಡಕ್ಕಾ. ಇದೊಂದೇ ಸಲ.”

ಅಕ್ಕ ತಂಗಿಯನ್ನೇ ಒಂದು ಗಳಿಗೆ ದಿಟ್ಟಿಸಿ ನೋಡಿದಳು. ಸೆರಗಿನಿಂದ ಮುಖ ಒರೆಸಿಕೊಂಡು ಹೋದಳು. ಆಕೆ ಬಾಗಿಲು ದಾಟಿದ್ದೇ ತಡ, ರಿಮೋಟಮ್ಮ ಭಾವನ ಹೆಸರನ್ನು ಪಟ್ಟಿಗೆ ತಿರುಗಿ ಸೇರಿಸಿದಳು.

ಸ್ವಲ್ಪ ಹೊತ್ತಿಗೇ ಫೋನ್ ಬಂತು.

“ಬಂದ್ರು ಕಣೇ,” ಅಕ್ಕನ ದನಿ ಶಾಂತವಾಗಿತ್ತು. “ಬಲಕ್ಕೆ ತಿರುಗಿಸಿ ಹೋದ್ರು. ಇನ್ನು ಸಾಕು. ಆ ಖಾತೆ ಮುಚ್ಚಿಬಿಡು.”

“ಹ್ಞೂಂ ಅಕ್ಕಾ,” ಎಂದು ಫೋನ್ ಇಟ್ಟು ರಿಮೋಟಮ್ಮ ಪರದೆ ನೋಡಿದಳು. ಭಾವನ ಹೆಸರಿನ ಮುಂದೆ ‘ಬಾಕಿ’ ಎಂದಿತ್ತು. ಮತ್ತೆ ಮತ್ತೆ ನೋಡಿದಳು. ತಂತ್ರಾಂಶದ ಸರದಿ ಇನ್ನೂ ಬಂದಿರಲೇ ಇಲ್ಲ, ಆ ಮೌಸನ್ನು ಅದು ಮುಟ್ಟಿರಲೇ ಇಲ್ಲ. ತಂಗಿಯ ಮುಖದಲ್ಲೇ ಎಲ್ಲವನ್ನೂ ಓದಿಕೊಂಡ ಅಕ್ಕ, ಇವಳ ಹೊರೆ ಇಳಿಸಲು ಸುಳ್ಳು ಹೇಳಿದಳೇ? ಇಲ್ಲ, ನಿಜವಾಗಿಯೂ ಭಾವ ಬಂದಿದ್ದರೇ? ಕೇಳಲು ಧೈರ್ಯವಾಗಲಿಲ್ಲ.

ಅಕ್ಕ ಆಮೇಲೆ ಮೇಲಿನ ಹಾಲ್‌ನ ಕಡೆ ತಲೆ ಹಾಕಲಿಲ್ಲ. ಸರಿಯಾಗಿ ಊಟ ಮಾಡುತ್ತಾಳೆ, ಮೊದಲಿನಂತೆ ಕಡತದ ಕೋಣೆಯವರನ್ನು ಗದರುತ್ತಾಳೆ. ಖಾತೆ ಮುಚ್ಚಿದೆಯಾ ಎಂದು ಒಮ್ಮೆ ಕೇಳಿದಳು, ಮುಚ್ಚಿದೆ ಎಂದು ರಿಮೋಟಮ್ಮ ಹೇಳಿದಳು. ಮುಚ್ಚಿಲ್ಲ. ಊಟದ ಹೊತ್ತಾಯಿತೆಂದರೆ ಕೋಣೆಯ ಬಾಗಿಲು ಹಾಕಿಕೊಂಡು ಆ ಒಂದು ಹೆಸರನ್ನೇ ನೋಡುತ್ತಾ ಕೂರುತ್ತಾಳೆ. ಬರಬಾರದೇ ಭಾವ, ನನಗೂ ಒಂದು ಮಾತು ಹೇಳಬಾರದೇ ಎಂದು ಕಾಯುತ್ತಾಳೆ.